ತಕ್ಕಡಿ ಒಂದು ಹೇಳುತ್ತದೆ, ಟೇಪು ಇನ್ನೊಂದು: ಬೊಜ್ಜು, ಉರಿಯೂತ ಮತ್ತು ಸಕ್ಕರೆ ಕಾಯಿಲೆಯ ನಂಟು

2025ರ ಜನವರಿಯಲ್ಲಿ ಬೊಜ್ಜಿನ ಬಗ್ಗೆ ಎರಡು ಸುದ್ದಿ ಬೆನ್ನುಬೆನ್ನಿಗೆ ಬಂದವು. ಎರಡನ್ನೂ ಓದಿದವರಿಗೆ ಗೊಂದಲವಾಗಿದ್ದರೆ ಅದು ಅವರ ತಪ್ಪಲ್ಲ.

ಮೊದಲನೆಯದು ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದು ನೇಮಿಸಿದ್ದ ಅಂತರರಾಷ್ಟ್ರೀಯ ಆಯೋಗದ ವರದಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಫ್ರಾನ್ಸೆಸ್ಕೊ ರುಬಿನೊ ಅದರ ಮುಖ್ಯಸ್ಥರು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, ಅದೊಂದನ್ನೇ ನೋಡಿ ಯಾರನ್ನೂ ಬೊಜ್ಜಿನ ರೋಗಿ ಎಂದು ತೀರ್ಮಾನಿಸಬೇಡಿ ಅಂತ ಆ ವರದಿ ಹೇಳಿತು. ಎರಡನೆಯದು ನಮ್ಮದೇ ದೇಶದ್ದು. ದೆಹಲಿಯ ಏಮ್ಸ್, ಫೋರ್ಟಿಸ್ ಸಿ-ಡಾಕ್ ಮುಂತಾದ ಸಂಸ್ಥೆಗಳ ತಜ್ಞರು ಸೇರಿ ಭಾರತೀಯರಿಗೆ ಹೊಸ ವ್ಯಾಖ್ಯೆ ಕೊಟ್ಟರು. ಅದರ ಪ್ರಕಾರ ಬಿಎಂಐ 23 ದಾಟಿದರೆ ಬೊಜ್ಜಿನ ಮೊದಲ ಹಂತ. 2009ರ ವ್ಯಾಖ್ಯೆಯಲ್ಲಿ ಈ ಗೆರೆ 25ರಲ್ಲಿತ್ತು.

ಒಬ್ಬರು ಗೆರೆಯನ್ನು ನೆಚ್ಚಬೇಡಿ ಅಂತಾರೆ, ಇನ್ನೊಬ್ಬರು ಅದೇ ಗೆರೆಯನ್ನು ಇನ್ನೂ ಕೆಳಗೆ ಎಳೆಯುತ್ತಾರೆ. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಎಂಬ ತೂಕ ಇಳಿಸುವ ಇಂಜೆಕ್ಷನ್‌ಗಳು ಭಾರತಕ್ಕೆ ಬಂದವು. ಇದರ ಜೊತೆಗೆ ‘ಉರಿಯೂತವೇ ಎಲ್ಲ ಕಾಯಿಲೆಯ ಮೂಲ’ ಎನ್ನುವ ಮಾತು ಮೊಬೈಲ್ ತೆರೆದರೆ ಸಾಕು, ಕಾಣಿಸುತ್ತದೆ.

ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಈ ಸುದ್ದಿಗಳ ಒಳಗೆ ಒಂದೇ ಎಳೆ ಇದೆ. ಮೈಯಲ್ಲಿ ಎಷ್ಟು ಕೊಬ್ಬಿದೆ ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ, ಅಲ್ಲಿ ಕೂತು ಏನು ಮಾಡುತ್ತಿದೆ ಎನ್ನುವುದು ಮುಖ್ಯ. ನಾವು ‘ಅವನಿಗೆ ಬೊಜ್ಜು ಬಂದಿದೆ’ ಅಂದಾಗ ಕಣ್ಣಿಗೆ ಬರುವುದು ಹೊಟ್ಟೆಯೇ ಅಲ್ವಾ? ಆ ಮಾತು ಸರಿಯಾದ ಜಾಗವನ್ನೇ ತೋರಿಸುತ್ತದೆ.

ಬಿಎಂಐ ಎಲ್ಲಿ ಕೈಕೊಡುತ್ತದೆ

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಈ ಲೆಕ್ಕ ಮಾಡಿದ್ದರು. ಅವರು ಖಗೋಳ ವಿಜ್ಞಾನಿ, ಸಂಖ್ಯಾಶಾಸ್ತ್ರಜ್ಞ. ಜನಸಮೂಹದ ಸರಾಸರಿ ಹುಡುಕುವುದು ಅವರ ಉದ್ದೇಶವಾಗಿತ್ತು, ಒಬ್ಬೊಬ್ಬರ ಆರೋಗ್ಯ ಅಳೆಯುವುದಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಇದಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು.

165 ಸೆಂ.ಮೀ. ಎತ್ತರದ ಒಬ್ಬರನ್ನು ತೆಗೆದುಕೊಳ್ಳೋಣ. ಅವರಿಗೆ ಬಿಎಂಐ 30 ಆಗುವುದು ಸುಮಾರು 82 ಕಿಲೋ ತೂಕಕ್ಕೆ, 25 ಆಗುವುದು 68 ಕಿಲೋಗೆ, 23 ಆಗುವುದು 62.6 ಕಿಲೋಗೆ. ಅಂದರೆ ಯುರೋಪಿನವರಿಗೆ ಬೊಜ್ಜಿನ ಗೆರೆಯಾದ 30ಕ್ಕೂ ನಮ್ಮ ಹೊಸ ಗೆರೆಯಾದ 23ಕ್ಕೂ ಹೆಚ್ಚುಕಡಿಮೆ 19 ಕಿಲೋ ವ್ಯತ್ಯಾಸ. ಇಷ್ಟು ದೊಡ್ಡ ವ್ಯತ್ಯಾಸ ಯಾಕೆ ಬೇಕಾಯಿತು? ತಕ್ಕಡಿಗೆ ಮೂಳೆ, ಮಾಂಸಖಂಡ, ಕೊಬ್ಬು ಎಲ್ಲಾ ಒಂದೇ. ಅದು ಒಟ್ಟು ಭಾರ ಹೇಳುತ್ತದೆ, ಅಷ್ಟೇ.

ಇಬ್ಬರು ವೈದ್ಯರ ಫೋಟೊ

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಒಂದು ಪುಟ್ಟ ಬರಹ ಪ್ರಕಟಿಸಿತು. ಅದರ ಜೊತೆ ಇಬ್ಬರು ಸಂಶೋಧಕರ ಫೋಟೊ ಇತ್ತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3, ದಶಾಂಶದವರೆಗೂ ಒಂದೇ. ಆದರೆ ಯಂತ್ರದಲ್ಲಿ ಮೈಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ಇಬ್ಬರ ಅಡ್ಡಹೆಸರೂ ಇಂಗ್ಲಿಷಿನ ‘ವೈ’ ಅಕ್ಷರದಿಂದ ಶುರುವಾಗುವುದರಿಂದ ಇದನ್ನು ‘ವೈ-ವೈ ವಿರೋಧಾಭಾಸ’ ಅಂತ ಕರೆದರು. ಕಣ್ಣಿಗೆ ತೆಳ್ಳಗೆ ಕಾಣುವ ಮೈ, ಒಳಗೆ ಕೊಬ್ಬು ಜಾಸ್ತಿ. ಭಾರತೀಯರಲ್ಲಿ ಇದು ತುಂಬಾ ಸಾಮಾನ್ಯ.

ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಎನ್ನುವುದಕ್ಕೆ ಪುರಾವೆ ಇದೆ. ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿತು. ಇಲ್ಲಿನ ಕೂಸಿನ ತೂಕ ಸರಾಸರಿ 2.7 ಕಿಲೋ, ಅಲ್ಲಿನದು 3.5 ಕಿಲೋ. ಇಲ್ಲಿನ ಕೂಸಿನಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳೂ ಚಿಕ್ಕವು. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಅಧ್ಯಯನದಲ್ಲೂ ಇದೇ ಕಂಡಿತು. ಅಲ್ಲಿ ಹುಟ್ಟಿದ ಮಕ್ಕಳು ಸಣ್ಣಗಿದ್ದರೂ ಬೆನ್ನಿನ ಭಾಗದ ಕೊಬ್ಬು ಹುಟ್ಟುವಾಗಲೇ ಎದ್ದು ಕಾಣುತ್ತಿತ್ತು. ಬೆಳೆಯುತ್ತಾ ಹೋದಾಗಲೂ ಅದು ಹಾಗೇ ಉಳಿಯಿತು.

ಈಗ ಇಡೀ ದೇಶದ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದ ಹೆಂಗಸರು ಶೇ 24, ಗಂಡಸರು ಶೇ 23ರ ಆಸುಪಾಸು. ಕರ್ನಾಟಕದಲ್ಲಿ ಇಬ್ಬರೂ ಶೇ 30 ದಾಟಿದ್ದಾರೆ. ಅದೇ ಸಮೀಕ್ಷೆ ಮೊದಲ ಸಲ ಸೊಂಟ ಮತ್ತು ಪೃಷ್ಠದ ಸುತ್ತಳತೆಯನ್ನೂ ಅಳೆಯಿತು. ಅದರ ಅನುಪಾತ ಅಪಾಯದ ಮಟ್ಟದಲ್ಲಿದ್ದ ಹೆಂಗಸರು ದೇಶದಲ್ಲಿ ಸುಮಾರು ಶೇ 57, ಗಂಡಸರು ಶೇ 48. ಅದೇ ಜನ, ಅದೇ ಸಮೀಕ್ಷೆ. ಅಳತೆಗೋಲು ಬದಲಾದ ಕೂಡಲೇ ಅಪಾಯದಲ್ಲಿರುವವರ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ತಕ್ಕಡಿ ‘ಸರಿ ಇದ್ದೀರಿ’ ಅಂತ ಹೇಳಿ ಕಳಿಸಿದ ಜನ ಇವರು.

ಕಣಜ ತುಂಬಿದ ಮೇಲೆ

ಕೊಬ್ಬು ಕೆಟ್ಟದ್ದಲ್ಲ. ಉಂಡು ಉಳಿದ ಶಕ್ತಿಯನ್ನು ನಾಳೆಗೆ ಇಡುವ ಕಣಜ ಅದು. ಚರ್ಮದ ಕೆಳಗೆ, ತೊಡೆ, ಪೃಷ್ಠದ ಭಾಗದಲ್ಲಿ ಇರುವ ಕೊಬ್ಬು ಒಳ್ಳೆಯ ಕಣಜ. ಅಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ.

ಆದರೆ ಪ್ರತಿ ಮನೆಯ ಕಣಜಕ್ಕೂ ಒಂದು ಅಳತೆ ಇರುತ್ತದೆ. ತುಂಬಿದ ಮೇಲೂ ಮೂಟೆ ಬರುತ್ತಲೇ ಇದ್ದರೆ ಏನು ಮಾಡುತ್ತಾರೆ? ಪಡಸಾಲೆಯಲ್ಲಿ ಇಡುತ್ತಾರೆ, ಆಮೇಲೆ ಮಲಗುವ ಕೋಣೆ, ಆಮೇಲೆ ಅಡುಗೆಮನೆ. ಕೊನೆಗೆ ಮನೆಯವರಿಗೆ ಓಡಾಡಲೂ ಜಾಗ ಇರುವುದಿಲ್ಲ. ದೇಹದಲ್ಲೂ ಹೀಗೇ. ಚರ್ಮದಡಿಯ ಜಾಗ ಮುಗಿದ ಮೇಲೆ ಕೊಬ್ಬು ಕರುಳಿನ ಸುತ್ತ, ಲಿವರ್ ಒಳಗೆ, ಮೇದೋಜೀರಕ ಗ್ರಂಥಿಯಲ್ಲಿ, ಮಾಂಸಖಂಡದ ಎಳೆಗಳ ನಡುವೆ ಸೇರತೊಡಗುತ್ತದೆ. ಅವು ದಾಸ್ತಾನಿಗೆ ಮಾಡಿದ ಜಾಗಗಳಲ್ಲ, ಕೆಲಸ ಮಾಡುವ ಅಂಗಗಳು. ಲಿವರ್‌ನಲ್ಲಿ ಕೊಬ್ಬು ತುಂಬಿದರೆ ಅದು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದಿಲ್ಲ, ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಪರೀಕ್ಷೆಯಲ್ಲೂ ಸಕ್ಕರೆ ಏರಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಇದು ಸುಮ್ನೆ ಊಹೆಯಲ್ಲ. ಎರಡು ಕಡೆಯಿಂದ ಪರೀಕ್ಷೆಯಾಗಿದೆ. ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದ್ದವರಿಗೆ ಚರ್ಮದಡಿ ಕೊಬ್ಬು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ನೋಡಲು ತುಂಬಾ ತೆಳ್ಳಗೆ. ಆದರೆ ಅವರಿಗೆ ತೀವ್ರ ಸಕ್ಕರೆ ಕಾಯಿಲೆಯೂ ಕೊಬ್ಬಿದ ಲಿವರ್ರೂ ಬರುತ್ತವೆ, ಯಾಕೆಂದರೆ ಅವರಿಗೆ ಕಣಜವೇ ಇಲ್ಲ. ಇನ್ನೊಂದು ಪ್ರಯೋಗ 2004ರದ್ದು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದದ್ದು. ಬೊಜ್ಜಿದ್ದ ಹೆಂಗಸರ ಹೊಟ್ಟೆಯ ಚರ್ಮದಡಿಯಿಂದ ಲಿಪೊಸಕ್ಷನ್ ಮೂಲಕ ಹತ್ತು ಕಿಲೋ ಹತ್ತಿರ ಕೊಬ್ಬು ತೆಗೆದರು. ಮೂರು ತಿಂಗಳ ನಂತರ ನೋಡಿದರೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯಲ್ಲಿ, ಉರಿಯೂತದ ಸೂಚಕಗಳಲ್ಲಿ ಯಾವ ಸುಧಾರಣೆಯೂ ಇರಲಿಲ್ಲ. ತಕ್ಕಡಿಯ ಮುಳ್ಳು ಮಾತ್ರ ಇಳಿದಿತ್ತು. ಕಣಜದಿಂದ ಮೂಟೆ ಹೊರಗೆ ಹಾಕಿದರೂ ಅಡುಗೆಮನೆಯಲ್ಲಿದ್ದ ಮೂಟೆ ಅಲ್ಲೇ ಉಳಿದಿತ್ತು.

ದಕ್ಷಿಣ ಏಷ್ಯಾದ ಜನರ ಕಣಜ ಚಿಕ್ಕದು ಎನ್ನುವುದು ಈಗ ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಯುರೋಪಿನವರಿಗೆ 82 ಕಿಲೋಗೆ ತುಂಬುವ ಜಾಗ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ತುಂಬುತ್ತದೆ. ಗೆರೆಯನ್ನು 23ಕ್ಕೆ ಇಳಿಸಿದ್ದರ ಹಿಂದಿನ ಕಾರಣ ಇದು.

ಬೂದಿ ಮುಚ್ಚಿದ ಕೆಂಡ

ಉರಿಯೂತ ಎಂಬ ಪದದಲ್ಲಿ ಉರಿಯೂ ಇದೆ, ಊತವೂ ಇದೆ. ಕಾಲಿಗೆ ಮುಳ್ಳು ಚುಚ್ಚಿದಾಗ ಎರಡೂ ಕಾಣುತ್ತವೆ. ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ. ರಕ್ಷಣಾ ಕೋಶಗಳು ಓಡಿ ಬಂದು ಕೆಲಸ ಮುಗಿಸಿ ವಾಪಸು ಹೋಗುತ್ತವೆ. ನಾಲ್ಕೈದು ದಿನದಲ್ಲಿ ಎಲ್ಲಾ ಸರಿ. ಇದು ನಮ್ಮನ್ನು ಉಳಿಸುವ ಉರಿಯೂತ.

ಹೊಟ್ಟೆ ಕೊಬ್ಬಿನೊಳಗೆ ನಡೆಯುವುದು ಬೇರೆ. ಅಲ್ಲಿ ಉರಿಯೂ ಗೊತ್ತಾಗುವುದಿಲ್ಲ, ಊತವೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದ ಹಾಗೆ ಇರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಆ ಕೊಬ್ಬಿನ ತುಣುಕನ್ನು ನೋಡಿದರೆ ಕಾಣುವ ದೃಶ್ಯ ಹೀಗಿದೆ. ಕೊಬ್ಬಿನ ಕೋಶಗಳು ಸೋಪಿನ ನೊರೆಯ ಗುಳ್ಳೆಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಹೆಚ್ಚು ತುಂಬಿದ ಹಾಗೆ ಒಂದೊಂದು ಗುಳ್ಳೆಯೂ ಹಿಗ್ಗುತ್ತದೆ. ರಕ್ತನಾಳ ಆ ವೇಗದಲ್ಲಿ ಬೆಳೆಯುವುದಿಲ್ಲ, ಆಮ್ಲಜನಕ ಸಾಲದು. ಕೆಲವು ಕೋಶಗಳು ಸಾಯುತ್ತವೆ. ಸತ್ತ ಕೋಶದ ಸುತ್ತ ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಉಂಗುರದಂತೆ ಕೂರುತ್ತವೆ. ವಿಜ್ಞಾನಿಗಳು ಇದನ್ನು ಕಿರೀಟಕ್ಕೆ ಹೋಲಿಸಿದ್ದಾರೆ. ಸತ್ತ ಕೋಶದೊಳಗಿನ ಎಣ್ಣೆಯ ಹನಿಯನ್ನು ಅವು ತಿಂದು ತೇಗಬೇಕು. ಆದರೆ ಆ ಹನಿ ಒಂದು ಮ್ಯಾಕ್ರೊಫೇಜ್‌ಗಿಂತ ಎಷ್ಟೋ ದೊಡ್ಡದು, ಬೇಗ ಮುಗಿಯುವುದಿಲ್ಲ. ಅಷ್ಟರಲ್ಲಿ ಪಕ್ಕದ ಕೋಶ ಸಾಯುತ್ತದೆ. ಕರೆಸಿಕೊಂಡ ಕೆಲಸದವರು ಮನೆಗೆ ಹೋಗುವುದೇ ಇಲ್ಲ. ತೆಳ್ಳಗಿನವರ ಕೊಬ್ಬಿನಲ್ಲಿ ಇಂಥ ಕಣಗಳು ಒಟ್ಟು ಕೋಶಗಳ ಶೇ 10ಕ್ಕಿಂತ ಕಡಿಮೆ. ಬೊಜ್ಜಿನಲ್ಲಿ ಅದು ಶೇ 40ರ ಹತ್ತಿರ ಹೋಗಬಹುದು ಎಂದು 2003ರಲ್ಲೇ ವರದಿಯಾಗಿದೆ.

ಈ ಕಣಗಳು ಟಿಎನ್‌ಎಫ್, ಐಎಲ್-6 ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುತ್ತಲೇ ಇರುತ್ತವೆ. ಹೊಟ್ಟೆಯೊಳಗಿನ ಕೊಬ್ಬಿನ ಬಹುಪಾಲು ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ, ಹಾಗಾಗಿ ಮೊದಲ ಏಟು ಲಿವರ್‌ಗೆ. ಟಿಎನ್‌ಎಫ್‌ನಂಥ ಸಂದೇಶಗಳು ಕೋಶದೊಳಗೆ ಇನ್ಸುಲಿನ್‌ನ ಸಂಕೇತ ಮುಂದೆ ಹೋಗದಂತೆ ತಡೆಯುತ್ತವೆ. ಐಎಲ್-6 ಬಂದಾಗ ಲಿವರ್ ಉರಿಯೂತದ ಸೂಚಕವಾದ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಮೊದಲೇ ಕೊಲೆಸ್ಟರಾಲ್ ಕೂತಿದ್ದರೆ, ಆ ಜಾಗವೂ ಕೆರಳುತ್ತದೆ. ಶುಗರ್, ಬಿಪಿ, ಕೊಬ್ಬಿದ ಲಿವರ್, ಹೃದಯದ ತೊಂದರೆ ಒಂದೇ ಮನುಷ್ಯನಿಗೆ ಒಟ್ಟೊಟ್ಟಿಗೆ ಬರುವುದು ಹೀಗೆ. ಬೇರೆ ಬೇರೆ ಡಾಕ್ಟರ ಬಳಿ ತೋರಿಸುವ ಈ ನಾಲ್ಕು ಕಾಯಿಲೆಗಳ ಬೇರು ಎಷ್ಟೋ ಸಲ ಒಂದೇ.

ಉರಿಯೂತ ಕಾರಣವೋ, ಪರಿಣಾಮವೋ?

ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಮೊಬೈಲ್‌ನಲ್ಲಿ ಬರುವ ವಿಡಿಯೊಗಳು ಹೇಳದೆ ಬಿಡುವ ಭಾಗವೂ ಇದೇ.

ಒಂದು ಪಂಗಡ ಉರಿಯೂತವೇ ಮೊದಲು ಅನ್ನುತ್ತದೆ. ಅವರ ವಾದಕ್ಕೆ ಬಹಳ ಹಳೆಯ ಇತಿಹಾಸವಿದೆ. ಸೋಡಿಯಂ ಸ್ಯಾಲಿಸಿಲೇಟ್ ಅಂದರೆ ಆಸ್ಪಿರಿನ್‌ನ ಹತ್ತಿರದ ನೆಂಟ, ಉರಿಯೂತ ಇಳಿಸುವ ಮದ್ದು. ಅದನ್ನು ಕೊಟ್ಟರೆ ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುತ್ತದೆ ಎಂದು ಜರ್ಮನಿಯಲ್ಲಿ 1876ರಲ್ಲೇ ಗಮನಿಸಿದ್ದರು. 1993ರಲ್ಲಿ ಅಮೆರಿಕದಲ್ಲಿ ಗೊಖಾನ್ ಹೊತಮಿಸ್ಲಿಗಿಲ್ ಮತ್ತು ಸಂಗಡಿಗರು ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇರುವುದನ್ನು ತೋರಿಸಿದರು. ಅದನ್ನು ತಟಸ್ಥಗೊಳಿಸಿದಾಗ ಇಲಿಗಳಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಒಂದು ಮದ್ದು ಕೊಟ್ಟು ಉರಿ ಆರಿಸಿದರೆ ಸಕ್ಕರೆ ಕಾಯಿಲೆಯೇ ಹೋಗಬಹುದು ಎಂಬ ಆಸೆ ಹುಟ್ಟಿದ್ದು ಆಗ.

ಮನುಷ್ಯರಲ್ಲಿ ಆ ಆಸೆ ಕೈಗೂಡಲಿಲ್ಲ. ಸಂಧಿವಾತಕ್ಕೆ ಕೊಡುವ ಟಿಎನ್‌ಎಫ್ ತಡೆಯುವ ಮದ್ದುಗಳನ್ನು ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇದ್ದವರಿಗೆ ಕೊಟ್ಟು ನೋಡಿದರು. ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲ. ಸ್ಯಾಲಿಸಿಲೇಟ್ ಗುಂಪಿನ ಸಾಲ್ಸಲೇಟ್ ಮಾತ್ರೆಯ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಸಕ್ಕರೆ ಸ್ವಲ್ಪ ಇಳಿದರೂ ಕೆಟ್ಟ ಕೊಲೆಸ್ಟರಾಲ್ ಏರಿತ್ತು. ಇನ್ನೂ ದೊಡ್ಡದು 2017ರ ಕ್ಯಾಂಟೋಸ್ ಪ್ರಯೋಗ. ಹಿಂದೆ ಹೃದಯಾಘಾತವಾಗಿ, ಸಿಆರ್‌ಪಿ ಏರಿದ್ದ 10,061 ಜನರಲ್ಲಿ ಕೆನಕಿನುಮ್ಯಾಬ್ ಎಂಬ ಉರಿಯೂತ ತಡೆಯುವ ಇಂಜೆಕ್ಷನ್ ಪರೀಕ್ಷಿಸಿದರು. ಕೊಲೆಸ್ಟರಾಲ್ ಬದಲಾಗದೆ, ಬರೀ ಉರಿಯೂತ ಇಳಿಸಿದ್ದಕ್ಕೇ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಆಗುವ ಸಂಭವ ಶೇ 15ರಷ್ಟು ಕಡಿಮೆಯಾಯಿತು. ಇದು ದೊಡ್ಡ ಸಾಕ್ಷ್ಯ. ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದನ್ನು ಅದು ತಡೆಯಲಿಲ್ಲ. ಪ್ರಾಣ ತೆಗೆಯುವ ಸೋಂಕುಗಳೂ ಸ್ವಲ್ಪ ಹೆಚ್ಚಿದವು. ರಕ್ಷಣಾ ಪಡೆಯನ್ನು ಸುಮ್ಮನಾಗಿಸಿದರೆ ಅದರ ಬೆಲೆಯೂ ಇರುತ್ತದೆ.

ಎರಡನೇ ಪಂಗಡ ಇದನ್ನೇ ಎತ್ತಿ ಹೇಳುತ್ತದೆ. ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಅವರಂಥ ಸಂಶೋಧಕರ ಪ್ರಕಾರ, ಲಿವರ್ ಮತ್ತು ಮಾಂಸಖಂಡದ ಕೋಶದೊಳಗೆ ಸೇರಿದ ಕೊಬ್ಬಿನ ಅಂಶಗಳೇ ಇನ್ಸುಲಿನ್ ಸಂಕೇತವನ್ನು ಮೊದಲು ಕೆಡಿಸುತ್ತವೆ. ಉರಿಯೂತ ಆಮೇಲೆ ಬಂದು ಕಾಯಿಲೆಯನ್ನು ಹೆಚ್ಚಿಸುತ್ತದೆ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗ ಈ ವಾದಕ್ಕೆ ಬಲ ಕೊಟ್ಟಿತು. ಅಲ್ಲಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದ ಗುಂಪಿನಲ್ಲಿ ಒಂದು ವರ್ಷಕ್ಕೆ ಶೇ 46 ಜನ ಮಾತ್ರೆಯಿಲ್ಲದೆ ಸಕ್ಕರೆ ಕಾಯಿಲೆಯ ಮಟ್ಟದಿಂದ ಕೆಳಗೆ ಬಂದರು. ಲಿವರ್‌ನ ಕೊಬ್ಬು ಇಳಿದಾಗ ಖಾಲಿ ಹೊಟ್ಟೆಯ ಸಕ್ಕರೆಯೂ ಇಳಿಯಿತು.

ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೃದಯದ ವಿಷಯದಲ್ಲಿ ಉರಿಯೂತ ನೇರ ಆರೋಪಿ ಎನ್ನಬಹುದು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಅದು ಸರಪಳಿಯ ನಡುವಿನ ಕೊಂಡಿ, ಮೊದಲ ಕೊಂಡಿ ಜಾಗ ತಪ್ಪಿ ಕೂತ ಕೊಬ್ಬು. ಹಾಗಾಗಿ ‘ಉರಿಯೂತ ಇಳಿಸುವ’ ಕ್ಯಾಪ್ಸೂಲ್, ಪುಡಿ, ಜ್ಯೂಸ್ ಮಾರುವವರ ಮಾತಿಗೆ ಆಧಾರ ತೀರಾ ತೆಳುವು. ಹೊಗೆ ಬೀಸಿ ಓಡಿಸಿದರೆ ಒಲೆ ಆರುವುದಿಲ್ಲ. ಸಾರು, ಪಲ್ಯಕ್ಕೆ ಹಾಕುವ ಅರಿಶಿನದ ಬಗ್ಗೆ ಯಾರೂ ಹೆದರಬೇಕಿಲ್ಲ. ಆದರೆ ಅರಿಶಿನದ ಸಾರವನ್ನು ಮೆಣಸಿನ ಅಂಶದ ಜೊತೆ ಸೇರಿಸಿ ಮಾಡಿದ ಕ್ಯಾಪ್ಸೂಲ್ ನುಂಗಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ದಾಖಲಾಗಿವೆ. ಲಿವರ್ ಉಳಿಸಿಕೊಳ್ಳಲು ಹೋಗಿ ಲಿವರ್ ಕೆಡಿಸಿಕೊಳ್ಳುವುದು ನೋವಿನ ಸಂಗತಿ.

ಇಂಜೆಕ್ಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಈ ಚರ್ಚೆಗೆ ಹೊಸ ತಿರುವು ಕೊಟ್ಟಿದೆ. 2023ರಲ್ಲಿ ಬಂದ ಸೆಲೆಕ್ಟ್ ಪ್ರಯೋಗದಲ್ಲಿ 17,604 ಜನ ಇದ್ದರು. ಎಲ್ಲರಿಗೂ ಹೃದಯ ಅಥವಾ ರಕ್ತನಾಳದ ಕಾಯಿಲೆ ಇತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಮದ್ದು ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಶೇ 20ರಷ್ಟು ಕಡಿಮೆಯಾಯಿತು. ಸಿಆರ್‌ಪಿಯೂ ಚೆನ್ನಾಗಿ ಇಳಿಯಿತು. 2025ರಲ್ಲಿ ಅದೇ ಅಂಕಿಅಂಶಗಳನ್ನು ಮತ್ತೆ ನೋಡಿದಾಗ, ತೂಕ ಎಷ್ಟು ಇಳಿಯಿತು ಎನ್ನುವುದಕ್ಕೂ ಹೃದಯಕ್ಕಾದ ಲಾಭಕ್ಕೂ ಅಷ್ಟಾಗಿ ಸಂಬಂಧ ಕಾಣಲಿಲ್ಲ. ಸೊಂಟದ ಸುತ್ತಳತೆ ಇಳಿದದ್ದರಿಂದ ಲಾಭದ ಮೂರನೇ ಒಂದು ಭಾಗವನ್ನು ವಿವರಿಸಬಹುದಿತ್ತು. ಉಳಿದದ್ದು ಮದ್ದಿನ ನೇರ ಪರಿಣಾಮ ಇರಬಹುದೇ ಎಂಬ ಚರ್ಚೆ ನಡೆದಿದೆ. ಇಲ್ಲೂ ತಕ್ಕಡಿಗಿಂತ ಟೇಪು ಹೆಚ್ಚು ಹೇಳಿತು ಎನ್ನುವುದನ್ನು ಗಮನಿಸಿ.

ಮದ್ದು ಬಿಟ್ಟರೆ? ಇನ್ನೊಂದು ಅಧ್ಯಯನದಲ್ಲಿ ಬಿಟ್ಟ ಒಂದು ವರ್ಷದೊಳಗೆ ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಹುಟ್ಟಿನಿಂದಲೇ ಮಾಂಸಖಂಡ ಕಡಿಮೆ ಇರುವ ನಮ್ಮವರಿಗೆ ಇದು ಸಣ್ಣ ವಿಷಯವಲ್ಲ. ಊಟದಲ್ಲಿ ಪ್ರೋಟೀನ್ ಇಲ್ಲದೆ, ತೂಕ ಎತ್ತುವಂಥ ವ್ಯಾಯಾಮ ಇಲ್ಲದೆ ಈ ಇಂಜೆಕ್ಷನ್ ತೆಗೆದುಕೊಳ್ಳುವುದು ಸರಿಯಲ್ಲ. ಇನ್ನೊಂದು ತೊಡಕೂ ಇದೆ. ಈ ಮದ್ದುಗಳನ್ನು ಬಿಎಂಐ 30 ಇದ್ದವರಿಗೆ, ಅಥವಾ 27 ಇದ್ದು ಜೊತೆಗೆ ಬೇರೆ ಕಾಯಿಲೆ ಇರುವವರಿಗೆ ಎಂದು ಒಪ್ಪಿದ್ದಾರೆ. ಬಿಎಂಐ 24, ಹೊಟ್ಟೆ ಮುಂದೆ, ಲಿವರ್‌ನಲ್ಲಿ ಕೊಬ್ಬು, ಹೀಗಿರುವ ನಮ್ಮ ಮಾಮೂಲಿ ರೋಗಿ ಆ ಗೆರೆಯ ಒಳಗೆ ಬರುವುದೇ ಇಲ್ಲ. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ವರೆಗಿನದು. ದೇಶೀ ಕಂಪನಿಗಳ ಅಗ್ಗದ ಮದ್ದು ಕೈಗೆ ಸಿಕ್ಕಷ್ಟೂ, ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ.

ಸಿಆರ್‌ಪಿ ಪರೀಕ್ಷೆ ಮಾಡಿಸಬೇಕಾ?

ಸಿಆರ್‌ಪಿಯ ಸಣ್ಣ ಪ್ರಮಾಣವನ್ನೂ ಅಳೆಯುವ ಪರೀಕ್ಷೆ ಇದೆ, ಲ್ಯಾಬಿನಲ್ಲಿ ಎಚ್‌ಎಸ್-ಸಿಆರ್‌ಪಿ ಎಂದು ಕೇಳಿದರೆ ಮಾಡುತ್ತಾರೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ಆದರೆ ಈ ಪರೀಕ್ಷೆಗೆ ಉರಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನೆಗಡಿ, ಹಲ್ಲಿನ ಕೀವು, ಚಿಕೂನ್‌ಗುನ್ಯ ಬಂದು ಹೋದ ಮೇಲಿನ ಕೀಲುನೋವು, ಎಲ್ಲದಕ್ಕೂ ಅಂಕಿ ಏರುತ್ತದೆ. 10 ದಾಟಿದ್ದರೆ ಮೊದಲು ಸೋಂಕು ಹುಡುಕಬೇಕು, ವಾಸಿಯಾದ ಮೇಲೆ ಮತ್ತೆ ಮಾಡಿಸಬೇಕು. ಹೃದಯದ ಅಪಾಯ ಲೆಕ್ಕ ಹಾಕುವ ವೈದ್ಯರಿಗೆ ಇದು ಸಹಾಯ. ಬೊಜ್ಜು ಪತ್ತೆಗೆ ಟೇಪು ಸಾಕು.

ಟೇಪು ಹಿಡಿಯುವುದಕ್ಕೂ ಕ್ರಮ ಇದೆ. ಪ್ಯಾಂಟಿನ ಸೈಜು ನಂಬುವಂತಿಲ್ಲ, ಹೊಟ್ಟೆ ಬಂದವರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಉಡಿದಾರವೂ ಹಾಗೇ. ಪಕ್ಕೆಲುಬಿನ ಕೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಸೊಂಟದ ಮೂಳೆಯ ಮೇಲ್ತುದಿಯನ್ನೂ ಮುಟ್ಟಿ. ಎರಡರ ನಡುವೆ ಟೇಪು ನೆಲಕ್ಕೆ ಸಮಾನವಾಗಿ ಸುತ್ತಬೇಕು. ಹೊಟ್ಟೆ ಒಳಗೆ ಎಳೆಯದೆ, ಉಸಿರು ಬಿಟ್ಟು ಓದಬೇಕು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ನೋಡಿಸಿಕೊಳ್ಳುವುದು ಒಳ್ಳೆಯದು.

ತಟ್ಟೆಯಲ್ಲಿ ಏನಿದೆ

2025ರ ಫೆಬ್ರುವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದರು. ಬೊಜ್ಜಿನ ವಿರುದ್ಧದ ಆ ಅಭಿಯಾನಕ್ಕೆ ಹೆಸರಿಸಿದ ಹತ್ತು ಜನರಲ್ಲಿ ನಮ್ಮ ನಂದನ್ ನಿಲೇಕಣಿ, ಸುಧಾ ಮೂರ್ತಿ ಇದ್ದರು. ಸಲಹೆ ಒಳ್ಳೆಯದೇ. ಆದರೆ ದಕ್ಷಿಣದವರ ತಟ್ಟೆಯಲ್ಲಿ ಎಣ್ಣೆಗಿಂತ ದೊಡ್ಡ ಪಾಲು ಅನ್ನದ್ದು.

ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರೀಯ ಅಧ್ಯಯನದ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಅನ್ನ, ಹಿಟ್ಟು, ಸಕ್ಕರೆಯಲ್ಲಿರುವ ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತದೆ ಎಂದು ಅದು ಹೇಳುತ್ತದೆ. ನಾವು ಗಮನ ಕೊಡಬೇಕಾದ ಇನ್ನೊಂದು ಮಾತು ಅದರಲ್ಲಿದೆ. ಪಾಲಿಶ್ ಅಕ್ಕಿಯ ಬದಲು ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದರೆ ಅಷ್ಟರಿಂದಲೇ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗಲಿಲ್ಲ. ಒಟ್ಟು ಕಾರ್ಬೊಹೈಡ್ರೇಟ್ ಇಳಿಯಬೇಕು, ಆ ಜಾಗಕ್ಕೆ ಕಾಳು, ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್ ಬರಬೇಕು. ಶೇ 5ರಷ್ಟು ಕ್ಯಾಲೊರಿಯನ್ನು ಹೀಗೆ ಬದಲಿಸಿದರೂ ಅಪಾಯ ತಗ್ಗುತ್ತದೆ ಎಂದು ಅಂದಾಜಿಸಿದೆ. ಅನ್ನ ಬಿಟ್ಟು ಎರಡು ದೊಡ್ಡ ರಾಗಿಮುದ್ದೆ ಉಂಡರೆ ಕೆಲಸ ಆಗಲಿಲ್ಲ ಅಂತ ಅರ್ಥ. ಮುದ್ದೆ ಒಂದಾಗಿ, ಹುರುಳಿ ಕಾಳಿನ ಸಾರು ಗಟ್ಟಿಯಾಗಿ, ಅವರೆಕಾಳು, ಮೊಳಕೆ ಹೆಸರುಕಾಳು ತಟ್ಟೆಗೆ ಬಂದರೆ ಆಯಿತು. ಇದು ನಮಗೆ ಹೊಸ ಅಡುಗೆಯೇನಲ್ಲ.

ನಡೆಯುವ, ಭಾರ ಎತ್ತುವ ಕೆಲಸಕ್ಕೆ ಇನ್ನೊಂದು ಗುಣ ಇದೆ. ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ತೂಕ ಅಷ್ಟಾಗಿ ಇಳಿಯದಿದ್ದರೂ ಹೊಟ್ಟೆಯೊಳಗಿನ, ಲಿವರ್ ಒಳಗಿನ ಕೊಬ್ಬು ಕರಗುತ್ತದೆ. ಎರಡು ತಿಂಗಳು ನಡೆದೂ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ ಅಂತ ಬೇಜಾರಾಗಿ ಬಿಟ್ಟವರು ಎಷ್ಟೋ ಜನ. ಅವರ ಒಳಗೆ ಆಗುತ್ತಿದ್ದ ಒಳ್ಳೆಯದನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಹೊಸ ವ್ಯಾಖ್ಯೆಯಿಂದ ಏನಾದೀತು

ಲ್ಯಾನ್ಸೆಟ್ ಆಯೋಗ ಬೊಜ್ಜನ್ನು ಎರಡಾಗಿ ನೋಡುತ್ತದೆ. ಕೊಬ್ಬಿನಿಂದ ಅಂಗಗಳ ಕೆಲಸ ಕೆಟ್ಟಿದ್ದರೆ ಅದು ಕಾಯಿಲೆ. ವಯಸ್ಕರಲ್ಲಿ ಇದನ್ನು ಗುರುತಿಸಲು 18 ಲಕ್ಷಣ ಪಟ್ಟಿ ಮಾಡಿದೆ. ಕೊಬ್ಬು ಹೆಚ್ಚಿದ್ದು ಅಂಗಗಳು ಸರಿಯಾಗಿದ್ದರೆ ಅದು ಕಾಯಿಲೆಗೆ ಮುಂಚಿನ ಸ್ಥಿತಿ. ಭಾರತದ ವ್ಯಾಖ್ಯೆಯಲ್ಲೂ ಎರಡು ಹಂತ. ಬಿಎಂಐ 23 ದಾಟಿದ್ದು ತೊಂದರೆ ಇಲ್ಲದಿದ್ದರೆ ಮೊದಲ ಹಂತ. ಜೊತೆಗೆ ಸೊಂಟದ ಸುತ್ತ ಕೊಬ್ಬು ಹೆಚ್ಚಿದ್ದು, ಕಾಯಿಲೆ ಅಥವಾ ದಿನದ ಕೆಲಸಕ್ಕೆ ಅಡ್ಡಿ ಇದ್ದರೆ ಎರಡನೇ ಹಂತ. ಮುಂದೆ ಇಟ್ಟು ನೋಡಿದರೆ ಎರಡೂ ಒಂದೇ ದಾರಿಯವು.

ಒಪ್ಪದವರ ಆತಂಕಕ್ಕೂ ಹುರುಳಿದೆ. ‘ಇನ್ನೂ ಕಾಯಿಲೆ ಅಲ್ಲ’ ಅಂದ ಕೂಡಲೇ ಜನ ಉದಾಸೀನ ಮಾಡುತ್ತಾರೆ, ವಿಮೆ ಕಂಪನಿಗಳಿಗೂ ಹಣ ಕೊಡದಿರಲು ಒಂದು ನೆಪ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬೊಜ್ಜಿದ್ದೂ ಸಕ್ಕರೆ, ಬಿಪಿ ಸರಿಯಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಸುಮಾರು 12 ವರ್ಷದೊಳಗೆ ಅವು ಕೆಟ್ಟಿದ್ದವು. ‘ದಪ್ಪ ಇದ್ದರೂ ಆರೋಗ್ಯವಾಗಿದ್ದಾರೆ’ ಎನ್ನುವ ಸ್ಥಿತಿ ಅನೇಕರಿಗೆ ತಾತ್ಕಾಲಿಕ. ಇನ್ನೊಂದು ಕಡೆ, 23ರ ಗೆರೆಯಿಂದ ಕೋಟಿಗಟ್ಟಲೆ ಜನ ಒಂದೇ ದಿನದಲ್ಲಿ ಬೊಜ್ಜಿನ ಪಟ್ಟಿಗೆ ಸೇರುತ್ತಾರೆ. ಅವರಿಗೆಲ್ಲ ಮದ್ದು ಮಾರುವ ಮಾರುಕಟ್ಟೆ ಹುಟ್ಟುತ್ತದೆ ಎಂಬ ಭಯವೂ ಇದೆ. ಮೊದಲ ಹಂತದವರಿಗೆ ಬೇಕಿರುವುದು ಊಟ, ಓಡಾಟದ ಬದಲಾವಣೆ. ಅದನ್ನು ವೈದ್ಯರು ಬಾಯಿಬಿಟ್ಟು ಹೇಳಬೇಕು.

ತಕ್ಕಡಿ ಬಿಟ್ಟು ಟೇಪು ಹಿಡಿಯಲು ಬೇಕಾದ ಸಾಧನ ಹಳ್ಳಿಗಳಲ್ಲಿ ಆಗಲೇ ಇದೆ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ಫಾರಂನಲ್ಲಿ ತಂಬಾಕು, ಮದ್ಯ, ಮನೆತನದ ಕಾಯಿಲೆಯ ಪ್ರಶ್ನೆಗಳ ಜೊತೆ ಸೊಂಟದ ಅಳತೆಯ ಸಾಲೂ ಇದೆ. ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 81ರಿಂದ 90 ಇದ್ದರೆ 1, ಮೇಲಿದ್ದರೆ 2 ಅಂಕ. ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ಕ್ಕೆ. ಎಲ್ಲಾ ಸಾಲು ಸೇರಿ ಒಟ್ಟು ಅಂಕ 4 ದಾಟಿದರೆ ಅವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಆ ಫಾರಂನಲ್ಲಿ ಬಿಎಂಐ ಮೇಲೆ ಅಂಕ ಇಲ್ಲ. ತಕ್ಕಡಿಯಲ್ಲಿ 60 ಕಿಲೋ ತೂಗಿ, ಸೊಂಟ 92 ಸೆಂ.ಮೀ. ಬಂದ ಹೆಂಗಸಿನ ಹೆಸರು ಅಲ್ಲಿ 2 ಅಂಕದೊಂದಿಗೆ ದಾಖಲಾಗುತ್ತದೆ. ಅವರಿಗೆ ಮುಂದಿನ ವಾರ ಸಕ್ಕರೆ, ಬಿಪಿ ನೋಡುತ್ತಾರಾ, ಲಿವರ್ ಬಗ್ಗೆ ಯಾರಾದರೂ ಕೇಳುತ್ತಾರಾ, ಆರು ತಿಂಗಳ ಮೇಲೆ ಅದೇ ಟೇಪು ಮತ್ತೆ ಅವರ ಮನೆಗೆ ಬರುತ್ತದಾ? ಎರಡು ವ್ಯಾಖ್ಯೆಗಳಲ್ಲಿ ಯಾವುದು ಗೆದ್ದರೂ ಅವರ ಪಾಲಿಗೆ ವ್ಯತ್ಯಾಸ ಆಗುವುದು ಇದರಿಂದಲೇ.